ಮೂವತ್ತೆಂಟು ಪರ್ಸೆಂಟ್ ಕೈ

"ಎತ್ತು ಕೈ. ಅದಲ್ಲ, ಆ ಸತ್ತ ಕೈ. ನಾಟಕ ಬೇಡ, ಹೊರಗೆ ಇನ್ನೂ ಅರವತ್ತು ಜನ ಕೂತಿದಾರೆ."

ಅಂಗವಿಕಲರ ಭತ್ಯೆ ಕಚೇರಿಯಲ್ಲಿ ಅತ್ತಿಗೆ ಪರೀಕ್ಷೆಯ ಮಂಚದ ಮೇಲೆ ಕೂತು ಬಲಗೈ ಎತ್ತಿದಳು. ಅದು ಭುಜದ ತನಕ ಬಂದು ನಿಂತಿತು. ಡಾಕ್ಟರ್ ಸ್ಕೇಲು ಹಿಡಿದು ಅಳೆದ. ಎದುರಿಗೆ ಅವನನ್ನು ಸಾರ್ ಅನ್ನುತ್ತಿದ್ದೆವು. ಇಲ್ಲಿ ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ.

ಒಂಬತ್ತು ತಿಂಗಳ ಹಿಂದೆ ನಾವಿಬ್ಬರೂ ದುಡಿಯುವ ಲಾಂಡ್ರಿಯ ರೋಲರ್ ಆ ಕೈಯ ಮೂರು ಬೆರಳು ತಿಂದಿತ್ತು. ಒದ್ದೆ ಬೆಡ್‌ಶೀಟನ್ನು ಎರಡು ಬಿಸಿ ಉರುಳೆಗಳ ನಡುವೆ ತೂರಿಸಿದರೆ ಆ ಕಡೆ ಇಸ್ತ್ರಿಯಾಗಿ ಬರುತ್ತದೆ. ಬೆರಳು ಒಳಗೆ ಹೋಗದ ಹಾಗೆ ಮುಂದೆ ಒಂದು ಅಡ್ಡಕಂಬಿ ಇತ್ತು. ಕೆಲಸ ನಿಧಾನವಾಗುತ್ತದೆ ಅಂತ ಮೇಸ್ತ್ರಿ ಅದನ್ನು ಬಿಚ್ಚಿಸಿದ್ದ. ಅಂಗಿಯೂ ಕತ್ತೂ ಒಂದೇ ಸಮ ಸೆಟೆದಿರುತ್ತಿದ್ದರಿಂದ ಅವನಿಗೆ ನಾವಿಟ್ಟ ಹೆಸರು ಗಂಜಿ. ಅತ್ತಿಗೆಯ ಬಲಗೈಯಲ್ಲಿ ಉಳಿದದ್ದು ಹೆಬ್ಬೆಟ್ಟು, ಕಿರುಬೆರಳು ಮತ್ತು ತಿರುಗದ ಮಣಿಕಟ್ಟು. ತೀರಿಕೊಂಡ ನನ್ನ ಅಣ್ಣ ತೊಡಿಸಿದ್ದ ಉಂಗುರಕ್ಕೆ ದಾರ ಸುತ್ತಿ ಆ ಕಿರುಬೆರಳಿಗೆ ಹಾಕಿಕೊಂಡಿದ್ದಳು.

"ಮುಗೀತು, ಇಳಿ."

ಅತ್ತಿಗೆ ಇಳಿದಳು. ಸುಮ್ಮನೆ ಬಾಗಿಲ ಕಡೆ ನಡೆದಿದ್ದರೆ ಮುಗಿಯುತ್ತಿತ್ತು. ಅವಳ ಕಣ್ಣು ಮಂಚದ ಬೆಡ್‌ಶೀಟಿನ ಮೂಲೆಯ ನೀಲಿ ಮುದ್ರೆಯ ಮೇಲೆ ಬಿತ್ತು. ಆ ಕಚೇರಿಯ ಬಟ್ಟೆ ವಾರಕ್ಕೊಮ್ಮೆ ನಮ್ಮಲ್ಲಿಗೇ ಬರುತ್ತದೆ. ತಾನು ಕೂತು ಎದ್ದ ಬಟ್ಟೆ ಸುಕ್ಕಾಗಿ ಬಿದ್ದಿರುವುದನ್ನು ನೋಡಿಕೊಂಡು ಹೋಗುವ ಜನ ನಾವಲ್ಲ. ಹದಿನೆಂಟು ವರ್ಷದ ಚಾಳಿ. ಒಂದು ಮೂಲೆಯನ್ನು ಗದ್ದದ ಕೆಳಗೆ ಅದುಮಿ, ಇನ್ನೊಂದನ್ನು ಬಲ ಮೊಣಕೈಯಿಂದ ಪಕ್ಕೆಗೆ ಒತ್ತಿ, ಎಡಗೈಯಲ್ಲಿ ಅಂಚು ಎಳೆದು ನಾಲ್ಕು ಮಡಿಕೆ ಮಾಡಿ ಮಂಚದ ತುದಿಗಿಟ್ಟಳು.

ಪಕ್ಕದ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತ ಡಾಕ್ಟರನ ಕಡೆ ನೋಡಿ ಹುಬ್ಬು ಹಾರಿಸಿದ.

"ಪರವಾಗಿಲ್ವೇ," ಅಂದ ಡಾಕ್ಟರ್. "ಇನ್ನೊಂದ್ಸಲ ಮಡಚಮ್ಮಾ, ನೋಡೋಣ."

ಅತ್ತಿಗೆಯ ಮುಖ ಅರಳಿತು. ಕೈ ಹೋದ ಮೇಲೆ ಅವಳ ಕೆಲಸವನ್ನು ಮೆಚ್ಚಿದವರೇ ಇರಲಿಲ್ಲ. ಬಟ್ಟೆ ಕೊಡವಿ, ಈ ಸಲ ಇನ್ನೂ ಚುರುಕಾಗಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ನಾನು ಬೇಡ ಅಂತ ಕಣ್ಣು ಮಾಡಿದೆ. ಅವಳು ನೋಡಲೇ ಇಲ್ಲ. ಗುಮಾಸ್ತ ಬರೆದುಕೊಂಡ. ಅತ್ತಿಗೆಗೆ ಓದು ಬಾರದು, ನನಗೆ ಬರುತ್ತದೆ. "ಎರಡೂ ಕೈ ಬಳಸಿ ಕೆಲಸ ಮಾಡಬಲ್ಲಳು" ಅಂತ ಬರೆದಿದ್ದ.

ನಾಲ್ಕು ದಿನ ಬಿಟ್ಟು ಕಿಟಕಿಯಲ್ಲಿ ಚೀಟಿ ಕೊಟ್ಟರು. ಊನ ಮೂವತ್ತೆಂಟು ಪರ್ಸೆಂಟ್ ಅಂತ. ನಲವತ್ತಿದ್ದರೆ ತಿಂಗಳ ಭತ್ಯೆ, ಇಲ್ಲದಿದ್ದರೆ ಇಲ್ಲ. ಇದೇ ಕಚೇರಿ ಹಿಂದೆ ನಮ್ಮ ತುರ್ತು ಪರಿಹಾರದ ಅರ್ಜಿಯನ್ನೂ ಹೀಗೇ ತಳ್ಳಿತ್ತು. ಆಗ ಮನೆ ನೋಡಲು ಬಂದವನು ಚಪ್ಪಲಿ ಬಿಡದೆ ನಮ್ಮ ಒಂದೇ ಕೋಣೆಗೆ ನುಗ್ಗಿ, ಪಾತ್ರೆಗಳನ್ನು ಕಾಲಿನಿಂದಲೇ ಸರಿಸಿ ನೋಡಿದ್ದ. ಗಾಳಿಗೆ ಬಾಗಿಲು ಬಡಿಯದಿರಲಿ ಅಂತ ಸುಟ್ಟುಹೋದ ಇಸ್ತ್ರಿಪೆಟ್ಟಿಗೆಯೊಂದನ್ನು ಒತ್ತಿಟ್ಟಿದ್ದೆವು. ಅದು "ಸ್ವಂತ ಉದ್ಯೋಗದ ಸಲಕರಣೆ" ಆಯಿತು. ನಮ್ಮಿಬ್ಬರದೂ ಒಂದೇ ಒಲೆಯಾದ್ದರಿಂದ ನನ್ನ ಕೂಲಿ ಅವಳ ಆದಾಯವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ.

ಮೂವತ್ತೆಂಟು ಯಾಕೆ ಅಂತ ನಾನು ಕೇಳಿದೆ. ಗುಮಾಸ್ತ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ.

"ನಿಮ್ಮತ್ತಿಗೆ ಕಿರುಬೆರಳು ಕೆಲಸ ಕೆಡಿಸ್ತು ನೋಡು. ಅದೂ ಹೋಗಿದ್ರೆ ನಲವತ್ತು ದಾಟಿರೋದು." ಹೇಳಿ ಪಕ್ಕದವನ ಕಡೆ ತಿರುಗಿ ನಕ್ಕ. ಅತ್ತಿಗೆ ನಗಲಿಲ್ಲ. ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಬೆರಳನ್ನು ನೋಡಿಕೊಂಡಳು.

ನಮ್ಮ ಕೋಣೆ ಲಾಂಡ್ರಿಯ ಹಿತ್ತಲಿನಲ್ಲಿತ್ತು. ಒಳಗಿರುವವರೆಲ್ಲ ಕೆಲಸಕ್ಕೆ ಬಂದರೆ ಮಾತ್ರ ಕೋಣೆ. ಗಂಜಿ ಮೊದಲೇ ಹೇಳಿದ್ದ: ಭತ್ಯೆಯ ಕಾಗದ ತಂದರೆ ಬಾಡಿಗೆ ಕಟ್ಟಿಕೊಂಡು ಇರಿ, ಇಲ್ಲವಾದರೆ ಇವಳು ಮತ್ತೆ ರೋಲರಿಗೆ ನಿಲ್ಲಲಿ, ಅದೂ ಆಗದಿದ್ದರೆ ಸೋಮವಾರ ಇಬ್ಬರೂ ಪಾತ್ರೆ ಎತ್ತಿಕೊಂಡು ನಡೀರಿ. ನನ್ನೊಬ್ಬಳ ಕೂಲಿಯಲ್ಲಿ ಹೊರಗೆ ಕೋಣೆ ಹಿಡಿಯುವುದು ಕನಸಿನ ಮಾತು. ಚೀಟಿ ನೋಡಿ ಅವನು, "ಸರ್ಕಾರವೇ ಹೇಳೈತಲ್ಲ, ಕೆಲಸ ಮಾಡ್ತಾಳೆ ಅಂತ. ನಿಲ್ಲಲಿ," ಅಂದ. ಅತ್ತಿಗೆ ನಿಂತಳು.

ಅವಳು ಈ ಕಡೆಯಿಂದ ಬಟ್ಟೆ ತೂರಿಸುವುದು, ನಾನು ಆ ಕಡೆ ಎಳೆದುಕೊಳ್ಳುವುದು. ಉರುಳೆಗಳು ತಿರುಗುವ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮೊದಲೆಲ್ಲ ಅವಳು ಹಬೆಯ ನಡುವೆ ತುಟಿ ಅಲ್ಲಾಡಿಸಿ ಗಂಜಿಯನ್ನು ಅಣಕಿಸುತ್ತಿದ್ದಳು. ಈಗ ಉರುಳೆ ಕೂಡುವ ಸಂದನ್ನೇ ನೋಡುತ್ತಿದ್ದಳು. ಎರಡನೆಯ ದಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ ಕೇಳಿದಳು.

"ಲೇ, ಕಿರುಬೆರಳು ಪೂರ್ತಿ ಹೋಗ್ಬೇಕಾ, ಇಲ್ಲಾ ಅರ್ಧ ಹೋದ್ರೂ ಎರಡು ಪರ್ಸೆಂಟ್ ಬರತ್ತಾ?"

ತಮಾಷೆ ಅಂದುಕೊಂಡು ನಕ್ಕೆ. ಅವಳು ಉತ್ತರಕ್ಕೆ ಕಾದು ನಿಂತಿದ್ದಳು. ಹುಚ್ಚು ಹುಚ್ಚಾಗಿ ಮಾತಾಡಬೇಡ ಅಂತ ಬೈದೆ. "ಕೇಳಿದ್ನಪ್ಪಾ," ಅಂತ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಶನಿವಾರ ಬೆಳಿಗ್ಗೆ ಕಚೇರಿಯ ಗಂಟು ಬಂತು. ಎಲ್ಲದಕ್ಕೂ ಮೂಲೆಯಲ್ಲಿ ನೀಲಿ ಮುದ್ರೆ. ಒಗೆದು ಹಿಂಡಿ ರೋಲರಿನ ಪಕ್ಕಕ್ಕೆ ತಂದಾಗ ಅತ್ತಿಗೆ ನನ್ನ ಹತ್ತಿರ ಬಂದು ಅಂಗೈಗೆ ಏನೋ ಇಟ್ಟಳು. ಕೈಗೆ ನೀರು, ಜಾರತ್ತೆ, ನಿನ್ನ ಹತ್ತಿರವೇ ಇರಲಿ ಅಂದಳು. ನಾನು ನೋಡದೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಜಾಗಕ್ಕೆ ಹೋದೆ. ಮೊದಲ ಬೆಡ್‌ಶೀಟಿನ ಅಂಚು ನನ್ನ ಕೈಗೆ ಬಂದಾಗಲೇ ಹೊಳೆದದ್ದು, ಅದು ಅಣ್ಣನ ಉಂಗುರ. ಬೆರಳು ಹೋದರೂ ಉಂಗುರ ಉಳಿಯಲಿ ಅಂತ ಕೊಟ್ಟಿದ್ದಾಳೆ.

ಬಗ್ಗಿ ನೋಡಿದೆ. ಹಬೆಯ ಆಚೆ ಅತ್ತಿಗೆ ಬಟ್ಟೆಯ ತುದಿಯನ್ನು ಕಿರುಬೆರಳಿಗೆ ಒಂದು ಸುತ್ತು ಸುತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಬಟ್ಟೆ ಅವಳ ಕೈಯನ್ನು ನಿಧಾನವಾಗಿ ಎಳೆಯುತ್ತಿತ್ತು. ರೋಲರ್ ನಿಲ್ಲಿಸುವ ಕೆಂಪು ಗುಂಡಿಯ ತಂತಿಯನ್ನು ಗಂಜಿ ಎಂದೋ ಕತ್ತರಿಸಿದ್ದ. ಗೋಡೆಯ ಪೆಟ್ಟಿಗೆಗೆ ಹಾರಿ ಎರಡೂ ಕೈಯಿಂದ ಫ್ಯೂಸು ಕಿತ್ತೆ. ಉರುಳೆಗಳು ತಾವಾಗಿ ಅರ್ಧ ಸುತ್ತು ತಿರುಗಿ ನಿಂತವು. ಬಟ್ಟೆ ಕಮರುವ ವಾಸನೆ ಬಂತು. ಅತ್ತಿಗೆಯ ಬೆರಳು ಸಂದಿನಿಂದ ಒಂದು ಉಗುರಿನಷ್ಟು ದೂರದಲ್ಲಿತ್ತು. ತುದಿ ಸುಟ್ಟು ಗುಳ್ಳೆ ಎದ್ದಿತ್ತು.

ಓಡಿಹೋಗಿ ಅವಳ ಕೆನ್ನೆಗೆ ಹೊಡೆದೆ. ತಾಯಿಯಿಲ್ಲದ ನನಗೆ ಜಡೆ ಹಾಕಿ ಬೆಳೆಸಿದವಳು ಅವಳು. ಹೊಡೆದ ಕೈಯಿಂದಲೇ ಅವಳ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಡಿಸಿದೆ.

"ಇಲ್ಲಾಂದ್ರೆ ನೀನೂ ಬೀದಿಗೆ ಬೀಳ್ತೀಯಲ್ಲೇ," ಅಂದಳು ಅತ್ತಿಗೆ. "ಅಷ್ಟು ಚೆನ್ನಾಗಿ ಯಾಕೆ ಮಡಚಿದ್ನೋ ನಾನು."

ಗಂಜಿ ಕೂಗುತ್ತಾ ಬಂದ. ಯಾವಳು ಫ್ಯೂಸು ಕಿತ್ತದ್ದು ಅಂತ ನಮ್ಮ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ. ನಾನೇ ಅಂದೆ, ಯಾಕೆ ಅಂತಲೂ ಹೇಳಿದೆ. ಅವನು ಅತ್ತಿಗೆಯ ಬೆರಳನ್ನೊಮ್ಮೆ, ನಿಂತ ರೋಲರನ್ನೊಮ್ಮೆ ನೋಡಿದ. ಆಮೇಲೆ ಮೆತ್ತಗೆ ಮಾತಾಡಿದ.

"ಅವಳ ಬೆರಳು, ಅವಳಿಷ್ಟ. ಹೋಗಿದ್ರೆ ಅವಳಿಗೂ ಭತ್ಯೆ ಬರೋದು, ನಿಮಗೂ ರೂಮು ಉಳಿಯೋದು. ನಿಂಗೇನೇ ಬಂದಿತ್ತು ರೋಗ? ಇಡು ಫ್ಯೂಸು."

ಅವನು ಬೈದಾಗ ನನಗೆ ಹೆದರಿಕೆಯಾಗಿರಲಿಲ್ಲ. ಮೆತ್ತಗೆ ಮಾತಾಡಿದಾಗ ಆಯಿತು. ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಅವಳನ್ನು ಅಲ್ಲಿ ನಿಲ್ಲಿಸಿದ್ದ. "ನಿನ್ನ ಬೆರಳು ಇಡೋ, ಬೋಳಿಮಗನೇ," ಅಂದು ಫ್ಯೂಸನ್ನು ರವಿಕೆಯೊಳಗೆ ತುರುಕಿಕೊಂಡೆ. ಹಿತ್ತಲಿನ ಕೋಣೆಗೆ ಈಗಲೇ ಬೀಗ ಜಡಿಯುತ್ತೇನೆ ಅಂತ ಅವನು ಕೀಲಿಗೊಂಚಲು ಹುಡುಕಿಕೊಂಡು ಹೋದ.

ಅತ್ತಿಗೆ ಅವನ ಕಡೆ ನೋಡಲಿಲ್ಲ. ಕಚೇರಿಯ ಒದ್ದೆ ಗಂಟನ್ನು ನೋಡುತ್ತಾ, "ಇದನ್ನ ಎತ್ತು," ಅಂದಳು. ಒಣ ಗಂಟಾದರೆ ಇಬ್ಬರಿಗೆ ಸಾಕು, ಇದು ಹೆಣದಷ್ಟು ಭಾರ. ತೊಟ್ಟಿಯ ಹತ್ತಿರ ನಿಂತಿದ್ದ ಮೂವರು ಹೆಂಗಸರು ಏನೂ ಕೇಳದೆ ಬಂದು ಕೈ ಹಾಕಿದರು. ಎರಡು ಬೀದಿ ದಾಟಿ ಕಚೇರಿಗೆ ಹೊತ್ತುಕೊಂಡು ನಡೆದೆವು. ನಮ್ಮ ಹಿಂದೆ ಉದ್ದಕ್ಕೂ ನೀರು ಸೋರುತ್ತಾ ಬಂತು.

ಡಾಕ್ಟರ್ ಒಬ್ಬ ಮುದಿ ಹಮಾಲಿಯ ಕಾಲು ಅಳೆಯುತ್ತಿದ್ದ. ನಾವು ಗಂಟನ್ನು ಅವನ ಮೇಜಿನ ಮೇಲೆ ಸುರಿದೆವು. ನೀರು ಫೈಲುಗಳ ಕೆಳಗೆ ಹರಿದು ಅವನ ಬೂಟಿನ ಮೇಲೆ ತೊಟ್ಟಿಕ್ಕತೊಡಗಿತು. ಗುಮಾಸ್ತ ಕುರ್ಚಿ ಹಿಂದಕ್ಕೆ ತಳ್ಳಿ ಕಾವಲಿನವರನ್ನು ಕೂಗಿದ. ಅತ್ತಿಗೆ ಒಂದು ಬೆಡ್‌ಶೀಟು ಎಳೆದು, ಅದರ ತುದಿಯನ್ನು ಡಾಕ್ಟರನ ಎದೆಗೆ ಒಡ್ಡಿದಳು.

"ಮಡಚಿ ಸಾರ್," ಅಂದಳು. "ನಿಮಗೆ ಎರಡು ಕೈ ಇದೆ. ಮಡಚಿ, ಎಷ್ಟು ಪರ್ಸೆಂಟ್ ಅಂತ ನಾವು ಬರ್ಕೋತೀವಿ."

ಹೊರಗೆ ಕೂತಿದ್ದವರು ಕುಂಟುತ್ತಾ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಾಗಿಲಲ್ಲಿ ಬಂದು ತುಂಬಿಕೊಂಡರು. ಹಮಾಲಿ ಮಂಚದ ಮೇಲೆ ಜರುಗಿ ಕೂತು, ನೋಡಲು ಜಾಗ ಮಾಡಿಕೊಂಡ. ನಾನು ಗುಮಾಸ್ತನ ಪೆನ್ನು ಎತ್ತಿಕೊಂಡೆ. ಡಾಕ್ಟರ್ ಎರಡೂ ಕೈ ಕೋಟಿನ ಜೇಬಿಗೆ ತುರುಕಿಕೊಂಡ.

ಪಡಸಾಲೆಯಲ್ಲಿ ಕಾವಲಿನವರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅತ್ತಿಗೆ ಬಟ್ಟೆಯ ತುದಿ ಬಿಡಲಿಲ್ಲ. ಗುಳ್ಳೆ ಒಡೆದ ಕಿರುಬೆರಳಿನಿಂದಲೇ ಅದನ್ನು ಹಿಡಿದು ನಿಂತಿದ್ದಳು.