ಹುಣಸೆಮರದಿಂದ ಮನೆಯವರೆಗೆ

ರೇಷ್ಮೆಹುಳು ಸಾಕುವುದು ಬಿಟ್ಟ ಮೇಲೆ ನಮ್ಮಪ್ಪ ಆವುಲಪ್ಪನವರ ಆರ್‌ಎಕ್ಸ್ ಹಂಡ್ರೆಡ್ ಬೈಕು ಹಿತ್ತಲು ಸೇರಿ, ಆರು ವರ್ಷ ಕೋಳಿಗಳ ಮಂಚವಾಗಿತ್ತು. 2006ರಲ್ಲಿ ನನಗೆ ಚಿಂತಾಮಣಿಯಲ್ಲಿ ಟೀಚರ್ ಕೆಲಸ ಸಿಕ್ಕಾಗ, "ಅದನ್ನ ಹೊಸದು ಮಾಡಿಸಿ ನಾನೇ ಓಡಿಸ್ತೀನಿ" ಅಂದೆ.

ಅಪ್ಪ ನಕ್ಕರು. "ಬಣ್ಣ ಬಳಿದು ಗೊಂಬೆ ಮಾಡಿದ್ರೆ ಅದು ನನ್ನ ಗಾಡಿ ಅಲ್ಲ ಕಣಮ್ಮ ಕಲ್ಯಾಣಿ. ನಾನು ಹತ್ತಲ್ಲ."

ನನಗೆ ಬೇಕಿದ್ದದ್ದೇ ಅವರು ಹತ್ತುವುದು. ಒಂದು ಸಲ ಅವರು ನನ್ನ ಹಿಂದೆ ಕೂರಬೇಕು. ಚಿಕ್ಕಂದಿನಲ್ಲಿ ಕೆಂಚಾರ್ಲಹಳ್ಳಿಯಿಂದ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ಗೆ ಹೋಗುವಾಗ ನಾನು ಟ್ಯಾಂಕ್ ಮೇಲೆ, ಹಿಂದಿನ ಕ್ಯಾರಿಯರ್‌ನಲ್ಲಿ ರೇಷ್ಮೆಗೂಡಿನ ಎರಡು ಮೂಟೆ. ವಾಪಸ್ ಬರುವಾಗ ಊರಾಚೆಯ ಹುಣಸೆಮರದ ಹತ್ತಿರ ಅಪ್ಪ ಇಂಜಿನ್ ಆರಿಸಿಬಿಡುತ್ತಿದ್ದರು. ಗಾಡಿಯ ಹೊಗೆ ತಾಗಿದರೆ ಮನೆಯಲ್ಲಿರುವ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ ಎಂಬ ಭಯ. ಅಲ್ಲಿಂದ ಮನೆಯವರೆಗೆ ತಳ್ಳುವುದೇ, ಮಳೆಯಿರಲಿ ಬಿಸಿಲಿರಲಿ. ನಾನೂ ಹಿಂದಿನಿಂದ ಕೈ ಕೊಡುತ್ತಿದ್ದೆ. ಅಂಥ ಖುಷಿ ಆಮೇಲೆ ನನಗೆ ಸಿಕ್ಕಿಲ್ಲ.

ಶಿಡ್ಲಘಟ್ಟದ ಮೆಕ್ಯಾನಿಕ್ ಕೋನಪ್ಪ ಎರಡು ತಿಂಗಳು ಸತಾಯಿಸಿದ. ಗಿಡ್ಡ ಹ್ಯಾಂಡಲ್, ಕಡುಗೆಂಪು ಟ್ಯಾಂಕ್, ಥಳಥಳ ಹೊಳೆಯುವ ಸೈಲೆನ್ಸರ್, ಎಲ್ಲ ನಾನು ಹೇಳಿದ್ದೇ. ಆದರೆ ಅಪ್ಪನ ಗಾಡಿಯ ಗುರುತಾಗಿ ಉಳಿಸಲು ಹೇಳಿದ್ದ ಕ್ಯಾರಿಯರ್ ಇರಲಿಲ್ಲ.

"ಸ್ಟೈಲ್ ಕೆಡ್ತಿತ್ತು ಮೇಡಂ. ಕತ್ತರಿಸಿ ಗುಜರಿಗೆ ಹಾಕ್ದೆ" ಅಂದ.

ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದು ಗುಜರಿ ಅಂಗಡಿಗೆ ಓಡಿದೆ. ಅದು ಆಗಲೇ ಲಾರಿ ಹತ್ತಿ ಹೋಗಿತ್ತು. ಅಪ್ಪ ಇನ್ನು ಗಾಡಿ ಹತ್ತಿದ ಹಾಗೆಯೇ ಅಂದುಕೊಂಡು, ಕಣ್ಣೊರೆಸಿಕೊಂಡು ಊರಿನ ದಾರಿ ಹಿಡಿದೆ.

ಹುಣಸೆಮರ ಬಂತು. ಕೈ ತಾನಾಗಿ ಕೀ ತಿರುಗಿಸಿತು. ಇಳಿದು ತಳ್ಳತೊಡಗಿದೆ. ಮನೆಯಲ್ಲಿ ಈಗ ಹುಳುವೇ ಇಲ್ಲ ಎಂಬುದು ನೆನಪಾದದ್ದು ಅರ್ಧ ದಾರಿ ಬಂದ ಮೇಲೆ. ಅಷ್ಟರಲ್ಲಿ ಜಗಲಿಯಲ್ಲಿದ್ದ ಅಪ್ಪ ನೋಡಿ ಎದ್ದು ಬಂದರು. ಟ್ಯಾಂಕ್ ನೋಡಿದರು. ಕ್ಯಾರಿಯರ್ ಇದ್ದ ಜಾಗವನ್ನು ಬೆರಳಿಂದ ಸವರಿದರು.

"ಕೆಟ್ಟೋಯ್ತಾ?"

"ಇಲ್ಲಪ್ಪ."

"ಮತ್ತ್ಯಾಕೆ ತಳ್ಕೊಂಡು ಬರ್ತಿದ್ದೀಯ?"

"ಹುಳುಗೆ ಹೊಗೆ..." ಅಂದವಳು ನಾಚಿ ನಾಲಿಗೆ ಕಚ್ಚಿಕೊಂಡೆ.

ಅಪ್ಪ ಪಂಚೆ ಎತ್ತಿ ಕಟ್ಟಿದರು. ನನ್ನನ್ನು ಮುಂದೆ ಕೂರಿಸಿ, ತಾವು ಹಿಂದೆ ಕೂತು, ನನ್ನ ಹೆಗಲು ಹಿಡಿದರು.

"ಹುಳ ಇಲ್ಲ ಕಣಮ್ಮ. ಬಾಗ್ಲವರ್ಗೂ ಓಡ್ಸು."