ಮಿಷಿನ್ನು ಕೇಳಿದ ಹೆಸರು

ತಬಸ್ಸುಮ್ ಎಂದರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು! ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹುರಿಯುವ ಮಿಷಿನ್ನಿನ ಕಂಟ್ರೋಲರ್ ಮಾಡಿಕೊಡುವ ನಮ್ಮ ಪುಟ್ಟ ಆಫೀಸಿನಲ್ಲಿ ಸಿ ಪ್ರೋಗ್ರಾಂ ಬರೆಯುವವರು ನಾವಿಬ್ಬರೇ. ನಾನು ಹಳಬಳು, ಅವಳು ಮೊನ್ನೆ ಮೊನ್ನೆ ಬಂದವಳು.

ನಾನು ಬರೆದ ಪ್ರೋಗ್ರಾಂ ಫೈಲಿಗೆ ನನ್ನ ಹೆಸರು, ವನಜಾಕ್ಷಿ. ಅವಳದಕ್ಕೆ ಅವಳ ಹೆಸರು. ನನ್ನದು ಬಿಸಿ ಎಷ್ಟಿದೆಯೆಂದು ಅಳೆದು ಕೊಡುತ್ತದೆ, ಅವಳದು ಅದನ್ನು ನೋಡಿಕೊಂಡು ಹೀಟರ್ ನಡೆಸುತ್ತದೆ. ಅವಳೋ ಸಾಲುಸಾಲಿಗೂ ಅಸರ್ಟ್ ಹಾಕುವವಳು. ಅಂದರೆ, ಇದು ಹೀಗೇ ಇರಬೇಕು ಎಂಬ ಷರತ್ತು. ತಪ್ಪಿದರೆ ಮಿಷಿನ್ನು ಅಲ್ಲೇ ನಿಂತು, ಆ ಷರತ್ತು ಇರುವ ಫೈಲಿನ ಹೆಸರನ್ನು ಪರದೆಯ ಮೇಲೆ ತೋರಿಸುತ್ತದೆ. ಒಂದು ಮಿಲ್ಲಿನಲ್ಲಿ ಮಿಷಿನ್ನು ನಡೆಸುವ ಚಿನ್ನಯ್ಯ ಅದನ್ನು ಓದಿಕೊಂಡು ಫೋನ್ ಮಾಡುತ್ತಿದ್ದರು.

"ಮಿಷಿನ್ನು ತಬಸ್ಸುಮ್ನ ಕರೀತೈತೆ, ಆಯಮ್ಮನ್ನೇ ಕಳಿಸ್ರಿ."

ಅವಳು ಹೋಗಿ, ಮತ್ತೆ ಚಾಲೂ ಮಾಡಿ, ಟೀ ಕುಡಿದು ಬರುತ್ತಿದ್ದಳು. ಆ ಮಿಲ್ಲಿನಲ್ಲಿ ನನ್ನ ಹೆಸರು ಒಂದು ನೊಣಕ್ಕೂ ಗೊತ್ತಿರಲಿಲ್ಲ. ದುಡಿದವರು ಯಾರೋ, ಮೆರೆಯುವವರು ಯಾರೋ!

ಆಗ ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳಿಗೆ ಕಂಟ್ರೋಲರ್ ಕೂರಿಸುವ ಕೆಲಸ ಬಂತು. ಅದನ್ನು ನಡೆಸಲು ಒಬ್ಬರು ಬೇಕಿತ್ತು. ನಮ್ಮ ಮಾಲೀಕ ಕೃಷ್ಣಮೂರ್ತಿ ಸರ್ ಅವಳ ಹೆಸರೆತ್ತಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಪದೇ ಪದೇ ನಿಲ್ಲೋ ಪ್ರೋಗ್ರಾಂ ಬರೆಯೋಳನ್ನ ಮಗ್ಗದ ಕೆಲಸಕ್ಕೆ ಕಳಿಸ್ತೀರಾ ಸರ್? ನನ್ನ ಫೈಲು ಒಂದಿನಾನಾದ್ರೂ ನಿಂತೈತಾ?"

ತಬಸ್ಸುಮ್ ತಲೆ ತಗ್ಗಿಸಿ, ತಪ್ಪು ತನ್ನದೇ, ಅಕ್ಕನೇ ಹೋಗಲಿ ಎಂದಳು. ಸರ್ ಒಪ್ಪಿಯೂಬಿಟ್ಟರು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನಾನು ಗೆದ್ದಿದ್ದೆ. ಆದರೆ ಅವಳ ಆ ಒಳ್ಳೆಯತನವೇ ನನಗೆ ಸಹಿಸಲಾಗಲಿಲ್ಲ. ಮಿಲ್ಲಿನಿಂದ ತಂದ ಲಾಗ್ ತೆಗೆಯಿರಿ, ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಅದರಲ್ಲಿ ಬರೆದಿಟ್ಟಿರುತ್ತದೆ, ಇವಳ ತಪ್ಪುಗಳನ್ನು ಓದಿಯೇ ತೀರಬೇಕು ಎಂದು ಹಠ ಹಿಡಿದೆ. ಬೇಡ ಅಕ್ಕ ಎಂದು ಅವಳು ಕೈ ಹಿಡಿದುಕೊಂಡಳು. ಕೊಡವಿಬಿಟ್ಟೆ.

ಸರ್ ಓದಿದರು. ಪ್ರತಿ ಸಲ ಮಿಷಿನ್ನು ನಿಲ್ಲುವ ಮುಂಚೆ ವನಜಾಕ್ಷಿ ಫೈಲಿನಿಂದ ಹುಚ್ಚುಹುಚ್ಚು ಅಳತೆ ಹೋಗಿತ್ತು. ತಬಸ್ಸುಮ್ ಹಾಕಿದ್ದ ಅಸರ್ಟು ಅದನ್ನು ಬಾಗಿಲಲ್ಲೇ ತಡೆದಿತ್ತು. ಇಲ್ಲದಿದ್ದರೆ ಶೇಂಗಾ ಸುಟ್ಟು ಕರಕಲಾಗುತ್ತಿತ್ತು.

ನಾನು ಅವಳ ಕಡೆ ತಿರುಗಿದೆ. "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು ಅಕ್ಕ. ನಿಮಗೇ ಹೇಳೋಣ ಅಂತಿದ್ದೆ. ನೀವು ನನ್ನ ಜೊತೆ ಮಾತೇ ಆಡ್ತಿರಲಿಲ್ಲ."

ಸರ್ ಮೊಳಕಾಲ್ಮೂರಿನ ಕೆಲಸವನ್ನು ಅವಳಿಗೇ ವಹಿಸಿದರು. ಅವಳು ತಕ್ಷಣ, ವನಜಾಕ್ಷಕ್ಕನನ್ನೂ ಜೊತೆಗೆ ಕಳಿಸಿ, ಇಲ್ಲದಿದ್ದರೆ ನಾನೂ ಹೋಗುವುದಿಲ್ಲ ಎಂದಳು. ಕೆಲಸ ಕಸಿದುಕೊಂಡು ಸುಮ್ಮನೆ ಹೋಗಿದ್ದರೆ ಜನ್ಮಪೂರ್ತಿ ಅವಳನ್ನು ಬೈದುಕೊಂಡಾದರೂ ಇರುತ್ತಿದ್ದೆ. ಆ ಹುಡುಗಿ ಅದಕ್ಕೂ ಕಲ್ಲು ಹಾಕಿದಳು.