ನಾಲ್ಕು ಹಗ್ಗ ದೂರ

ಆ ಶನಿವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನಾನು ತೊಗಟೆ ಸುಲಿಯುತ್ತಿದ್ದ ಮರದ ತುದಿ ನನಗೇ ಕಾಣುತ್ತಿರಲಿಲ್ಲ. ಲುಬೆರೋ ಗುಡ್ಡಗಳಲ್ಲಿ ಜೂನ್ ತಿಂಗಳೆಂದರೆ ಹಾಗೆಯೇ. ದೇವರು ಇನ್ನೂ ಹೊದ್ದು ಮಲಗಿದ್ದಾನೆ ಎನ್ನುತ್ತಿದ್ದಳು ನಮ್ಮಮ್ಮ. ಕಾಣದಿದ್ದರೇನು, ಕೇಳಿಸುತ್ತಿತ್ತು. ಎರಡು ಸಾಲು ಆಚೆ ಮೇಸ್ತ್ರಿ ಮುಹಿಂದೊ ಸೋಕಿಯನ್ನು ಬೈಯುತ್ತಿದ್ದ.

“ಏಯ್ ರೋಗದ ಮುಂಡೆ, ಸುಲೀತಿದೀಯೋ ಮರಕ್ಕೆ ಮುತ್ತು ಕೊಡ್ತಿದೀಯೋ? ನೀನು ಬಸುರಿ ಅಂತ ನನ್ನ ಹಗ್ಗ ಗಿಡ್ಡ ಆಗಾಕಿಲ್ಲ. ಒಬ್ಬೊಬ್ಬಳಿಗೂ ದಿನಕ್ಕೊಂದು ಹಗ್ಗ!”

ಹಗ್ಗವೆಂದರೆ ಅವನ ಹೆಗಲ ಮೇಲಿನ ಅಳತೆ ಹಗ್ಗ. ಐವತ್ತು ಮೀಟರ್. ಅಷ್ಟುದ್ದದ ಸಾಲಿನ ಸಿಂಕೋನ ಮರಗಳನ್ನೆಲ್ಲ ಸುಲಿದರೆ ಒಂದು ದಿನದ ಕೂಲಿ. ಒಂದು ಮರ ಉಳಿದರೂ ಅರ್ಧ. ಆ ತೊಗಟೆ ಲಾರಿ ಹತ್ತಿ, ಹಡಗು ಹತ್ತಿ, ಎಲ್ಲಿಯೋ ಯಾರದೋ ಜ್ವರಕ್ಕೆ ಔಷಧಿಯಾಗುತ್ತದಂತೆ. ನಮ್ಮ ಔಷಧಿ ಮಾತ್ರ ಗುಡ್ಡ ಹತ್ತುವುದಿಲ್ಲ. ನಾವೇ ಇಳಿದು ಹೋಗಬೇಕು.

ನಾವು ಆರು ಹೆಂಗಸರು, ಎಚ್‌ಐವಿ ಮಾತ್ರೆ ನುಂಗುವವರು. ಮೂರು ತಿಂಗಳಿಗೊಮ್ಮೆ ಒಬ್ಬಳು ಇಳಿದು ಹೋಗಿ ಆರೂ ಜನರದ್ದನ್ನು ತರುವುದೆಂದು ಪಾಳಿ ಮಾಡಿಕೊಂಡಿದ್ದೆವು. ಆಸ್ಪತ್ರೆಯ ದಾರಿಯಲ್ಲಿ ನಾಲ್ಕು ಕಡೆ ಅಡ್ಡಲಾಗಿ ಹಗ್ಗ ಕಟ್ಟಿ ಬಂದೂಕಿನವರು ಕೂತಿರುತ್ತಾರೆ. ಮೊದಲನೆಯದು ಸರ್ಕಾರದವರದು, ಉಳಿದವು ಯಾರುಯಾರದೋ. ಆದ್ದರಿಂದ ಆಸ್ಪತ್ರೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ನಮ್ಮೂರಲ್ಲಿ ಮಗುವೂ ಹೇಳುತ್ತದೆ: ನಾಲ್ಕು ಹಗ್ಗ.

ಕಳೆದ ಪಾಳಿ ಮುದುಕಿ ಕ್ಯಾಕಿಮ್ವಾಳದು. ಎರಡನೇ ಹಗ್ಗದಲ್ಲಿ ಕೆಂಪು ಟೋಪಿಯವನೊಬ್ಬ ಡಬ್ಬಿಗಳನ್ನು ಕಿತ್ತುಕೊಂಡು, “ಆಚೆ ಹಗ್ಗದ ಕಳ್ಳರಿಗೆ ಔಷಧಿ ಸಾಗಿಸ್ತೀಯಾ, ಸೂಳೆ?” ಎಂದು ಅರ್ಧದಷ್ಟನ್ನು ಕೆಸರಿಗೆ ಸುರಿದಿದ್ದ. ಮತ್ತೆ ಇಳಿಯುವ ಧೈರ್ಯ ಯಾರಿಗೂ ಬಾರದೆ, ಅಂದಿನಿಂದ ಹಂಚಿಕೊಂಡು ನುಂಗುತ್ತಿದ್ದೆವು. ಸೋಕಿಗೆ ಎಂಟು ತಿಂಗಳು. ಒಂದು ದಿನ ತಪ್ಪಿದರೂ ರೋಗ ಹೊಟ್ಟೆಯಲ್ಲಿರುವುದಕ್ಕೆ ದಾಟೀತು ಎಂದು ನರ್ಸಮ್ಮ ಹೇಳಿದ್ದಳು. ಸೋಕಿಯ ಡಬ್ಬಿ ಬರಿದಾದ ಮೇಲೆ ದಿನಾ ಬೆಳಿಗ್ಗೆ ನನ್ನದರಿಂದ ಒಂದು ಕೊಡುತ್ತಿದ್ದೆ. ಆ ಶನಿವಾರ ನನ್ನಲ್ಲಿ ಉಳಿದಿದ್ದು ಒಂಬತ್ತು. ಇಬ್ಬರಿಗೆ ನಾಲ್ಕು ದಿನ, ಮೇಲೊಂದು.

ಅದೇ ಶನಿವಾರ ನಕ್ಷೆಯವನು ಬಂದ. ಹೆಸರು ಒಲಿವಿಯೆ, ಪಟ್ಟಣದವನು. ಅಂಗಿಗೆ ಹನ್ನೊಂದು ಜೇಬು. ಕೈಯಲ್ಲಿ ಊಟದ ತಟ್ಟೆಯಷ್ಟಗಲದ ಫೋನು. ಹಿಂದಿನ ಗುಡ್ಡದ ಸುತ್ತುದಾರಿಯಲ್ಲಿ ಧಣಿಯ ಜೀಪಿನಲ್ಲಿ ಬಂದಿದ್ದ; ನಾವು ನಡೆಯುವ ದಾರಿಯನ್ನು ಕಂಡಿರಲಿಲ್ಲ. ತೊಗಟೆ ಒಣಗಿಸುವ ಕಣದಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಅವನದು ಪಟ್ಟಣದ ಭಾಷೆ, ನಮಗೆ ಅರೆಬರೆ. ಮೇಸ್ತ್ರಿ ನಡುವೆ ನಿಂತು ಹೇಳುತ್ತಿದ್ದ.

ಔಷಧಿ ಎಲ್ಲಿಗೆ ತಲುಪುತ್ತದೆ, ಎಲ್ಲಿಗೆ ಇಲ್ಲ ಎಂದು ನಕ್ಷೆ ಮಾಡುತ್ತಿದ್ದಾರಂತೆ. ಆಸ್ಪತ್ರೆ ದೂರವಿದ್ದ ಊರಿಗೆ ಕೆಂಪು ಚುಕ್ಕೆ. ಕೆಂಪು ಬಿದ್ದರೆ ತಿಂಗಳಿಗೊಮ್ಮೆ ನರ್ಸು ಮಾತ್ರೆ ಹೊತ್ತು ಊರಿಗೇ ಬರುತ್ತಾಳೆ. ಹತ್ತಿರವಿದ್ದರೆ ಹಸಿರು.

“ಯಂತ್ರ ಆಕಾಶದ ಸಿಗ್ನಲ್ ಹಿಡೀತಿಲ್ಲ. ನೀವೇ ಹೇಳಿ, ಆಸ್ಪತ್ರೆ ಎಷ್ಟು ದೂರ?” ಎಂದು ಒಲಿವಿಯೆ ಕೇಳಿದ.

“ನಾಲ್ಕು ಹಗ್ಗ ಕಣಪ್ಪಾ,” ಎಂದಳು ಕ್ಯಾಕಿಮ್ವಾ.

ಒಲಿವಿಯೆ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಹೆಗಲಿನ ಹಗ್ಗವನ್ನು ತಟ್ಟಿ ತೋರಿಸಿದ. “ಇದೇ ಸಾರ್ ಹಗ್ಗ. ಐವತ್ತು ಮೀಟರ್.”

ಪಟ್ಟಣದ ಭಾಷೆಯಲ್ಲಿ ನನಗೆ ಬೇರೇನೂ ಬಾರದಿದ್ದರೂ ಅಂಕಿ ಬರುತ್ತದೆ. ಸಂತೆ ಮಾಡುವವಳು ನಾನು. ಇನ್ನೂರು ಎಂದು ಗೊಣಗುತ್ತಾ ಒಲಿವಿಯೆ ತಟ್ಟೆಯಗಲದ ಫೋನನ್ನು ಒತ್ತಿದ. ಚುಕ್ಕೆ ಹಸಿರಾಯಿತು.

“ಸಾರ್, ಅದಲ್ಲ—” ಎಂದು ಎದ್ದೆ.

“ಕುಕ್ಕರಿಸೇ!” ಎಂದ ಮೇಸ್ತ್ರಿ. ಮತ್ತೆ ಅವನ ಕಡೆ ತಿರುಗಿ ನಕ್ಕು, “ಥ್ಯಾಂಕ್ಸ್ ಹೇಳ್ತಾವಳೆ ಸಾರ್.”

ಜೀಪು ಹೋದ ಮೇಲೆ ಮೇಸ್ತ್ರಿಯೇ ಬಾಯಿಬಿಟ್ಟ. “ನರ್ಸು ಬಂದು ಇಲ್ಲಿ ಡೇರೆ ಹಾಕಿದ್ರೆ, ರೋಗದ ತೋಟ ಅಂತಾರೆ. ಧಣಿ ತೊಗಟೆ ಯಾವನು ಕೊಳ್ತಾನೆ? ನಿಮ್ಮಪ್ಪ ಕೊಳ್ತಾನಾ? ನಾಳೆ ಮಧ್ಯಾಹ್ನದವರೆಗೂ ಆ ನಕ್ಷೆಯೋನು ಆಸ್ಪತ್ರೇಲಿರ್ತಾನೆ, ಆಮೇಲೆ ನಕ್ಷೆ ಪಟ್ಟಣಕ್ಕೆ. ಮುಗೀತು. ಏಳ್ರಿ!”

ಸಂಜೆ ಹಗ್ಗವನ್ನು ಶೆಡ್ಡಿನ ಮೊಳೆಗೆ ನೇತುಹಾಕಿ ಅವನು ಹೆಂಡಕ್ಕೆ ಹೋದ. ನಾನು ಮೊಳೆಯನ್ನು ಅಲ್ಲೇ ಬಿಟ್ಟು ಹಗ್ಗವನ್ನು ಮಾತ್ರ ತಂದೆ.

ಭಾನುವಾರ ಮೊದಲ ಪ್ರಾರ್ಥನೆ ಮುಗಿದೊಡನೆ ಕ್ಯಾಕಿಮ್ವಾ ಹಗ್ಗದ ಆ ತುದಿ, ನಾನು ಈ ತುದಿ ಹಿಡಿದು ಆಸ್ಪತ್ರೆಯ ದಾರಿಗಿಳಿದೆವು. ಒಂದು ಅಳತೆಗೆ ಒಂದು ಬೀನ್ಸ್ ಕಾಳು ಮಡಿಲಿಗೆ. ಒಂದೊಂದು ಕಾಳಿಗೆ ಒಬ್ಬೊಬ್ಬ ಸಂತರ ಹೆಸರು ಹೇಳಿ ಮುದುಕಿ ಪ್ರಾರ್ಥಿಸುತ್ತಾ ನಡೆದಳು. ಹದಿನೇಳಕ್ಕೆ ಅವಳಿಗೆ ಗೊತ್ತಿದ್ದ ಸಂತರು ಮುಗಿದರು. ಆಮೇಲೆ ತನ್ನ ತೀರಿಹೋದ ನೆಂಟರನ್ನು ಹಿಡಿದಳು.

ಮೊದಲ ಹಗ್ಗದ ಸಿಪಾಯಿ ಕಣ್ಣುಜ್ಜಿಕೊಂಡ. “ಏನ್ರವ್ವಾ ಇದು?”

“ರಸ್ತೆ ಅಳೀತಾ ಇದೀವಿ ಸ್ವಾಮೀ. ನಕ್ಷೆಗೆ.”

“ಅಗಲ ಮಾಡ್ತಾರಾ?”

“ಮಾಡಿದ್ರೂ ಮಾಡಬೌದು.”

ಅವನು ತನ್ನ ಹಗ್ಗವನ್ನು ಎತ್ತಿ, ನಮ್ಮ ಹಗ್ಗದ ತುದಿಯನ್ನು ಹಿಡಿದು ಸಹಾಯವನ್ನೂ ಮಾಡಿದ. ಗುರುತಿಗೆ ನಾನೊಂದು ಗಂಟು ಹಾಕಿದೆ.

“ಗಂಟು ಹಾಕಿದ್ರೆ ಹಗ್ಗ ಗಿಡ್ಡ ಆಗಲ್ವೇನೇ ಕಟುಂಗು?” ಎಂದು ನನ್ನ ಹೆಸರು ಹಿಡಿದು ಕೇಳಿದಳು ಮುದುಕಿ ಸ್ವಲ್ಪ ದೂರ ಹೋದ ಮೇಲೆ.

“ಆಗಲಿ ಬಿಡಮ್ಮಾ.”

ಎರಡನೇ ಹಗ್ಗದಲ್ಲಿ ಕೆಂಪು ಟೋಪಿಯೇ ಕೂತಿದ್ದ. ಅವನು ಮುದುಕಿಯನ್ನು ಗುರುತು ಹಿಡಿದ.

“ಓಹೋ, ಮಾತ್ರೆ ಮುದುಕಿ! ಈಗ ಇಂಜಿನಿಯರ್ ಆದ್ಯಾ?”

“ಹೂಂ ಮಗಾ. ನಿನ್ನ ಹಗ್ಗ ಎಷ್ಟನೇದು ಅಂತ ನಕ್ಷೇಲಿ ಬರ್ಸಬೇಕು.”

“ಮೊದಲನೇದು ಅಂತ ಬರ್ಸು.”

“ಅದನ್ನ ಆಗಲೇ ಸರ್ಕಾರದವರು ಹಿಡಿದವ್ರಲ್ಲಪ್ಪಾ.”

ಅವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಬಂದೂಕಿನ ಹಿಡಿಯಿಂದ ನೆಲ ಕುಟ್ಟಿದ. “ಹಂಗಾರೆ ನಂದು ದೊಡ್ಡದಾಗಿ ಬರ್ಸು. ಅವರದಕ್ಕಿಂತ ದೊಡ್ಡದು.”

ಅಲ್ಲೇ ಅವನ ಕಣ್ಣೆದುರಿಗೇ ನನ್ನ ಮುಷ್ಟಿಗಿಂತ ದಪ್ಪದ ಗಂಟು ಹಾಕಿದೆ. ಅವನಿಗೆ ಸಮಾಧಾನವಾಯಿತು. ಮೂರನೆಯವರು, ನಾಲ್ಕನೆಯವರು ಎರಡನೆಯವನ ಗಂಟು ನೋಡಿ, ತಮ್ಮದೂ ಅದಕ್ಕೆ ಕಡಿಮೆ ಇರಬಾರದೆಂದರು. ಧಾರಾಳವಾಗಿ ಹಾಕಿದೆ.

ಆಸ್ಪತ್ರೆಯ ಜಗಲಿಯಲ್ಲಿ ಒಲಿವಿಯೆ ಚೀಲ ಕಟ್ಟುತ್ತಿದ್ದ. ಅವನ ಮುಂದೆ ಮಡಿಲು ಬಿಚ್ಚಿದೆ. ಕಾಳು ಎಣಿಸಲು ನರ್ಸಮ್ಮನೂ ಕೂತಳು. ಈ ಸಲ ನಮ್ಮ ಮಾತನ್ನು ಅವನ ಭಾಷೆಗೆ ಅವಳೇ ದಾಟಿಸಿದಳು. ನೂರ ಅರವತ್ತಮೂರು. ಎಂಟು ಕಿಲೋಮೀಟರಿಗೆ ಮೇಲೆ.

“ಇದು ಮೇಸ್ತ್ರಿ ಹಗ್ಗ ಸಾರ್,” ಎಂದು ಹಗ್ಗವನ್ನು ಅವನ ತೊಡೆಯ ಮೇಲಿಟ್ಟೆ. “ಈ ಗಂಟು ನಾಲ್ಕೈತಲ್ಲ, ಇವು ನಮ್ಮ ಹಗ್ಗ. ಒಂದೊಂದರಲ್ಲೂ ಬಂದೂಕೈತೆ. ಎರಡನೇದರಲ್ಲಿ ನಮ್ಮ ಮಾತ್ರೆ ಕೆಸರಲ್ಲಿ ಬಿದ್ದವೆ. ನಿನ್ನೆ ನೀವು ಬರಕೊಂಡಿದ್ದು ಯಾವ ಹಗ್ಗ?”

ಅವನು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕಿವಿ ಕೆಂಪಾಗಿತ್ತು. ಆಮೇಲೆ ಚುಕ್ಕೆಯೂ.

“ಮೇಲಿನವರು ಒಪ್ಪಬೇಕು,” ಎಂದ.

“ಮೇಲಿನವರು ಅಂದ್ರೆ ದೇವರಾ?” ಎಂದಳು ಕ್ಯಾಕಿಮ್ವಾ.

“ಅಲ್ಲಮ್ಮ, ಕಚೇರಿಯವರು.”

“ಅಯ್ಯೋ, ಹಂಗಾದ್ರೆ ತಡ ಆಯ್ತದೆ.”

ಆರು ಜನರ ಮಾತ್ರೆಯನ್ನು ನರ್ಸಮ್ಮ ನನ್ನ ಮಡಿಲಿಗೆ ಹಾಕಿದಳು. ಮೇಲೆ ನೂರ ಅರವತ್ತಮೂರು ಕಾಳು ಮುಚ್ಚಿದೆವು. ಹಿಂದಿರುಗುವಾಗ ಕೆಂಪು ಟೋಪಿ ಕಾಳಿನೊಳಗೆ ಕೈಯಿಡಲು ಬಂದ.

“ಮುಟ್ಟಬ್ಯಾಡ ಮಗಾ,” ಎಂದಳು ಮುದುಕಿ, “ಲೆಕ್ಕ ತಪ್ಪಿದ್ರೆ ನಿನ್ನ ಹಗ್ಗವೇ ನಕ್ಷೆಯಿಂದ ಬಿದ್ದೋಯ್ತದೆ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನನ್ನ ತುಟಿಯ ಮೇಲೆ ಯೇಸುವಿನ ಹೆಸರಿತ್ತು, ಮುದುಕಿಯದರ ಮೇಲೆ ನಗು.

ಸೋಮವಾರ ಮತ್ತೆ ಮಂಜು. ಸೋಕಿ ತನ್ನ ಡಬ್ಬಿಯಿಂದಲೇ ಮಾತ್ರೆ ನುಂಗಿ ಸಾಲಿಗೆ ಬಂದಿದ್ದಳು. ನರ್ಸು ಬರುತ್ತಾಳೋ ಇಲ್ಲವೋ ಯಾರಿಗೂ ತಿಳಿಯದು. ಮೇಸ್ತ್ರಿ ಶೆಡ್ಡಿನಿಂದ ಕೂಗುತ್ತಾ ಬಂದ, “ಯಾವ ಕಳ್ಳಮುಂಡೇರು ನನ್ನ ಹಗ್ಗ ಕದ್ದೋರು?”

ನಾನು ಹೊದ್ದ ಬಟ್ಟೆಯಡಿಯಿಂದ ತೆಗೆದು ಎರಡೂ ಕೈಯಲ್ಲಿ ನೀಡಿದೆ. ಇಬ್ಬನಿಗೆ ನೆನೆದು ಗಂಟುಗಳು ಕಲ್ಲಾಗಿದ್ದವು. ಅವನು ಉಗುರು ಹಾಕಿದ, ಹಲ್ಲು ಹಾಕಿದ. ಬಿಚ್ಚಲಿಲ್ಲ.

“ಏನೇ ಇವು?”

“ನಾಲ್ಕು ಹಗ್ಗ ಮೇಸ್ತ್ರಿ. ಮೊನ್ನೆ ಸಾಹೇಬರಿಗೆ ನೀವೇ ತೋರಿಸಿದ್ರಲ್ಲ.”

ಕೆಳಗೆ ಧಣಿಯ ಜೀಪು ಹಾರ್ನ್ ಹೊಡೆಯಿತು. ಮೇಸ್ತ್ರಿ ಅವಸರದಲ್ಲಿ ಗಂಟುಗಳ ಸಮೇತವೇ ಸೋಕಿಯ ಸಾಲಿನುದ್ದಕ್ಕೆ ಹಗ್ಗ ಎಳೆದ. ಹಗ್ಗ ಮುಗಿಯಿತು. ಮೊನ್ನೆಯ ಅಳತೆಯಾಗಿದ್ದರೆ ಅವಳ ಪಾಲಿಗೆ ಬರುತ್ತಿದ್ದ ಎರಡು ಮರಗಳು ತುದಿಯಾಚೆ, ಮಂಜಿನಲ್ಲಿ, ತೊಗಟೆ ಹೊದ್ದುಕೊಂಡೇ ನಿಂತಿದ್ದವು.